ಗೊಣಗಜ್ಜಿ ಏಳುವ ಸದ್ದು

ಆರನೇ ಮಹಡಿಗೂ ಏಳನೇ ಮಹಡಿಗೂ ನಡುವೆ ಲಿಫ್ಟಿನಲ್ಲಿ ಒಬ್ಬ ಹಲ್ಲಿನ ಡಾಕ್ಟರು ಸಿಕ್ಕಿಹಾಕಿಕೊಂಡಿದ್ದಾಗ ಸೀನಮ್ಮನ ಫೋನು ಹೊಡೆದುಕೊಂಡಿತು. ಅವಳು ಆಗ ಕಟ್ಟಡದ ನೆತ್ತಿಯ ಮೇಲಿರುವ ಮೋಟಾರಿನ ಕೋಣೆಯಲ್ಲಿ, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು, ಲಿಫ್ಟನ್ನು ಕೈಯಿಂದ ಇಳಿಸುವ ಚಕ್ರ ಹಿಡಿದು ಕೂತಿದ್ದಳು. ಬೇರೆ ಯಾವ ಲಿಫ್ಟ್ ಮೆಕ್ಯಾನಿಕ್ಕಾದರೂ ಮೊದಲು ಡಾಕ್ಟರನ್ನು ಇಳಿಸಿ ಆಮೇಲೆ ಫೋನು ನೋಡುತ್ತಿದ್ದರು. ಸೀನಮ್ಮ ಪರದೆಯ ಮೇಲೆ ‘ಶೆಡ್ಡಿನ ಮೇಸ್ತ್ರಿ’ ಎಂದು ಕಂಡದ್ದೇ ತಡ, ಚಕ್ರ ಬಿಟ್ಟು ಫೋನು ಎತ್ತಿಬಿಟ್ಟಳು.

“ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ,” ಎಂದ ಮೇಸ್ತ್ರಿ. “ಗೊಣಗಜ್ಜೀನ ಎಬ್ಬಿಸ್ತೀವಿ. ಕೊನೇ ಸಲ.”

“ತಣ್ಣಗಿರುವಾಗಲೇ? ಪೂರ್ತಿ ತಣ್ಣಗೆ?”

“ಎರಡು ವರ್ಷದಿಂದ ಅಲುಗಾಡದೆ ಮಲಗಿದಾಳೆ. ಇನ್ನೆಷ್ಟು ತಣ್ಣಗಿರಬೇಕು ನಿಂಗೆ?”

ಸೀನಮ್ಮ ಕೂತಲ್ಲಿಂದ ಹಾರಿದ ರಭಸಕ್ಕೆ ತಲೆ ಕಬ್ಬಿಣದ ತೊಲೆಗೆ ಬಡಿಯಿತು. ಅದು ಅವಳಿಗೆ ಗೊತ್ತಾದದ್ದು ಸಂಜೆ ತಲೆ ಬಾಚುವಾಗ.

“ರೀ, ಮೇಲೆ ಯಾರಾದ್ರೂ ಇದೀರಾ?” ಎಂದು ಕೆಳಗಿನಿಂದ ಡಾಕ್ಟರ ದನಿ ಬಂತು.

“ಇದೀನಿ ಡಾಕ್ಟ್ರೇ! ಭಾನುವಾರ ಹತ್ತು ಗಂಟೆಗೆ!”

“ಭಾನುವಾರದ ತನಕ ನಾನು ಇಲ್ಲೇ ಇರಬೇಕೇನ್ರೀ?”

ಗೊಣಗಜ್ಜಿ ಎಂದರೆ ಒಂದು ಹಳೆಯ ಡೀಸೆಲ್ ರೈಲು ಇಂಜಿನ್ನು. ನಿಂತಲ್ಲಿ ನಿಲ್ಲಲಾರದೆ ಒಳಗೊಳಗೇ ಏನಾದರೂ ಗೊಣಗುತ್ತಲೇ ಇರುತ್ತದೆ ಎಂದು ಶೆಡ್ಡಿನವರು ಇಟ್ಟ ಹೆಸರು. ಇನ್ನು ಸೀನಮ್ಮ ಎಂಬುದೂ ತಾಯಿ ತಂದೆ ಇಟ್ಟ ಹೆಸರಲ್ಲ, ಅದು ಸೀನಿದ್ದಕ್ಕೆ ಬಂದದ್ದು. ಆ ಕಥೆಯನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಈ ಊರಿನಲ್ಲಿ ಹಳೆಯ ಡೀಸೆಲ್ ರೈಲುಗಳ ಸದ್ದು ಹಿಡಿದಿಡುವ ಹುಚ್ಚಿನವರು ಏಳೆಂಟು ಜನ ಇದ್ದಾರೆ, ಸೀನಮ್ಮನೂ ಅವರಲ್ಲೊಬ್ಬಳು. ಬೇರೆಯವರು ಅಂಚೆಚೀಟಿ ಕೂಡಿಟ್ಟ ಹಾಗೆ ಇವರು ಸದ್ದು ಕೂಡಿಡುತ್ತಾರೆ. ಏರಿನಲ್ಲಿ ಇಂಜಿನ್ನು ಏದುಸಿರು ಬಿಡುವುದು, ನಿಲ್ದಾಣದಲ್ಲಿ ಬ್ರೇಕಿನ ಗಾಳಿ ಬುಸ್ಸೆನ್ನುವುದು, ಸೇತುವೆ ಹತ್ತುತ್ತಲೇ ದನಿ ಬದಲಾಗುವುದು, ಎಲ್ಲವೂ ಅವರ ಬಳಿ ತಾರೀಖು ಸಮೇತ ಇರುತ್ತದೆ. ರೈಲು ಬಂದಾಗ ಎಲ್ಲರೂ ಕಣ್ಣರಳಿಸಿದರೆ ಇವರು ಕಣ್ಣು ಮುಚ್ಚುತ್ತಾರೆ. ಅವರಲ್ಲಿ ನಿಯಮ ಇರುವುದು ಎರಡೇ. ಮೊದಲು ಬಂದು ಮೈಕು ಇಟ್ಟವರದೇ ಜಾಗ. ಮೈಕು ಇಟ್ಟ ಮೇಲೆ ಉಸಿರಾಡಿದ್ದೂ ಕೇಳಿಸಬಾರದು.

ಹನ್ನೊಂದು ವರ್ಷದ ಹಿಂದೆ ಸೇತುವೆಯ ಕೆಳಗೆ ಇವರೆಲ್ಲ ಸೇರಿದ್ದರು. ಜೋಡಿ ಇಂಜಿನ್ನು ಕಟ್ಟಿದ ಉದ್ದನೆಯ ಗೂಡ್ಸ್ ಗಾಡಿ ದೂರದ ಏರಿನಲ್ಲಿ ಕೇಳಿಸತೊಡಗಿ, ಹತ್ತಿರವಾಗಿ, ತಲೆಯ ಮೇಲೆ ಸಿಡಿಲಿನಂತೆ ಹಾದು, ಮತ್ತೆ ದೂರವಾಗಿ, ಸದ್ದು ಕರಗಿ ಕರಗಿ ಇನ್ನೇನು ಮೌನಕ್ಕೆ ಸೇರಬೇಕು, ಆಗ ಇವಳು ಸೀನಿದಳು. ಸಣ್ಣ ಸೀನಲ್ಲ. ಸೇತುವೆಯ ಕಮಾನು ಅದನ್ನು ಮೂರು ಸಲ ತಿರುಗಿಸಿ ಹೇಳಿತು.

ಮೈಕಿನ ಪಕ್ಕದಲ್ಲಿ ನಿಂತಿದ್ದವನು ಬನ್ನಣ್ಣ. ಬೀದಿ ಮೂಲೆಯ ಬೇಕರಿಯ ಯಜಮಾನ. ಆರಡಿ ಆಳು, ಹುಬ್ಬಿನಲ್ಲೂ ಹಿಟ್ಟು. ಕಲೆ ಬಿದ್ದ ಸದ್ದು ತನ್ನ ಬಳಿ ಒಂದು ಕ್ಷಣವೂ ಇರಬಾರದೆಂಬ ಮಡಿವಂತ. ಯಾರಾದರೂ ಕೆಮ್ಮಿದರೆ, ನಾಯಿ ಬೊಗಳಿದರೆ, ಅಲ್ಲೇ ನಿಂತು ಅಳಿಸಿಬಿಡುತ್ತಿದ್ದ. ಆ ದಿನವೂ ಅವನು ಒಂದು ಮಾತೂ ಆಡದೆ, ರೆಕಾರ್ಡರನ್ನು ಅವಳ ಮೂಗಿನ ಮುಂದೆ ಎತ್ತಿ ಹಿಡಿದು, ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತಿ ಹೊರಟುಹೋದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅವಳಿಗೆ ಸೀನಮ್ಮ ಎಂಬ ಹೆಸರು ಅಂಟಿಕೊಂಡಿತು. ಅವಳೂ ಹಠಮಾರಿ, ಅವನ ಬೇಕರಿಯ ಮೆಟ್ಟಿಲು ಹತ್ತಿದವಳಲ್ಲ. ಗಂಡ ಮಾತ್ರ ದಿನಾ ಅಲ್ಲಿಂದಲೇ ಬನ್ನು ತರುತ್ತಿದ್ದ. ಆ ದರಿದ್ರದ ಬನ್ನು ಒಂದು ದಿನ ಸೀದದ್ದಿಲ್ಲ, ಒಂದು ದಿನ ಹಸಿ ಉಳಿದದ್ದಿಲ್ಲ. ಸೀನಮ್ಮ ಬೈದುಕೊಂಡೇ ಎರಡೆರಡು ತಿನ್ನುತ್ತಿದ್ದಳು.

ಡಾಕ್ಟರನ್ನು ಕೆಳಗಿಳಿಸಿದ್ದೇ, ಆ ಶುಕ್ರವಾರ ಸಂಜೆ ಅವಳು ಮನೆಗೆ ಓಡಿ ಬಂದು, ಚಪ್ಪಲಿಯನ್ನೂ ಬಿಡದೆ, ಅಮ್ಮನ ಮುಂದೆ ನಿಂತಳು.

“ಅಮ್ಮಾ, ಭಾನುವಾರ ಗೊಣಗಜ್ಜಿ ಏಳ್ತಾಳೆ!”

ಅಮ್ಮ ಬಟಾಣಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. “ಎಬ್ಬಿಸೋರು ಯಾರಂತೆ?”

“ಮೇಸ್ತ್ರಿ.”

“ಅವನಾ? ಅವನಿಗೆ ಬೆಳಿಗ್ಗೆ ಅವನೇ ಏಳೋಕೆ ಬರ್ತಿರಲಿಲ್ಲ.”

ಅಮ್ಮ ಮೂವತ್ತೊಂದು ವರ್ಷ ಆ ಶೆಡ್ಡಿನಲ್ಲಿ ಫಿಟ್ಟರಾಗಿದ್ದವಳು. ಮೇಸ್ತ್ರಿ ಅವಳ ಕೈಕೆಳಗೆ ಸ್ಪ್ಯಾನರು ಹಿಡಿಯುವುದನ್ನು ಕಲಿತವನು. ಬೆಳಗಿನ ಐದು ಗಂಟೆಗೆ ಗೊಣಗಜ್ಜಿಯನ್ನು ಎಬ್ಬಿಸುವುದು ಅವಳ ಪಾಳಿಯ ಮೊದಲ ಕೆಲಸ. ಆಗ ಅವರ ಮನೆ ಹಳಿಗಳ ಆಚೆ ಬದಿಗೆ, ಶೆಡ್ಡಿಗೆ ಎದುರಾಗಿತ್ತು. ಪುಟ್ಟ ಸೀನಮ್ಮ ಕಣ್ಣು ಬಿಡುವ ಮೊದಲೇ ಅಮ್ಮ ಹೋಗಿರುತ್ತಿದ್ದಳು; ಪಕ್ಕದಲ್ಲಿ ಹಾಸಿಗೆ ಇನ್ನೂ ಬೆಚ್ಚಗಿರುತ್ತಿತ್ತು. ಸ್ವಲ್ಪ ಹೊತ್ತಿಗೆ ಹಳಿಯ ಆಚೆಯಿಂದ ಮೂರು ಬಡಿತ, ಒಂದು ಸಣ್ಣ ಕೀರಲು, ಆಮೇಲೆ ಮೈ ಮುರಿದು ಕೆಮ್ಮಿ ಕ್ಯಾಕರಿಸಿ ಏಳುವ ಆ ದೊಡ್ಡ ಸದ್ದು. ಅದಕ್ಕೇ ಮಗುವಿಗೆ ಎಚ್ಚರ. ನಮ್ಮಮ್ಮ ನನ್ನನ್ನು ಎಬ್ಬಿಸಿದ್ದೇ ಇಲ್ಲ, ಎಬ್ಬಿಸಿದ್ದೆಲ್ಲ ಆ ಇಂಜಿನ್ನನ್ನೇ ಎಂದು ಸೀನಮ್ಮ ಇಂದಿಗೂ ಆಡಿ ತೋರಿಸುವುದುಂಟು. ತಮಾಷೆಗೇ ಹೇಳುವುದು. ಆದರೂ ಹೇಳುವಾಗ ಅಮ್ಮನ ಮುಖ ನೋಡುವುದಿಲ್ಲ.

ಗೊಣಗಜ್ಜಿಯ ನೂರಾ ಹನ್ನೆರಡು ಸದ್ದುಗಳು ಅವಳ ಬಳಿ ಇವೆ. ಇಲ್ಲದ್ದು ಇದೊಂದೇ, ತಣ್ಣಗೆ ಮಲಗಿದ್ದವಳು ಮೊದಲ ಸಲ ಏಳುವ ಸದ್ದು. ಬಿಸಿ ಇಂಜಿನ್ನನ್ನು ಆರಿಸಿ ಮತ್ತೆ ಹೊತ್ತಿಸಿದರೆ ಅದು ಬರುವುದಿಲ್ಲ. ಸುಮ್ಮನೆ ಗುರ್ ಎಂದು ಹೊರಟುಬಿಡುತ್ತದೆ. ತಣ್ಣಗಿದ್ದಾಗಿನ ಸದ್ದು ಒಂದೇ ಸಲ ಸಿಗುತ್ತದೆ. ಅಮ್ಮ ಅವಳ ಸಂಗ್ರಹವನ್ನೆಲ್ಲ ಕೇಳಿದ್ದಾಳೆ. ಕೇಳಿ ಮೂಗು ಮುರಿದು ಒಂದೇ ಮಾತು ಹೇಳುತ್ತಾಳೆ, “ಅವಳೇ ಹೌದು. ಆದ್ರೆ ಏನೋ ಒಂದು ಇಲ್ಲ ಕಣೆ.” ರೆಕಾರ್ಡಾಗುತ್ತಿರುವಾಗಲೇ ಮಾತಾಡುವ ಕೆಟ್ಟ ಚಾಳಿಯೂ ಅಮ್ಮನಿಗುಂಟು. ಸೀನಮ್ಮ ತನ್ನ ಜೀವಮಾನದಲ್ಲಿ ಅತಿ ಹೆಚ್ಚು ಸಲ ಹೇಳಿದ ಮಾತೆಂದರೆ ‘ಅಮ್ಮಾ, ಸುಮ್ನಿರು’ ಎಂಬುದೇ ಇರಬೇಕು.

ಈ ಭಾನುವಾರ ತಪ್ಪಿದರೆ ಮುಗಿಯಿತು. ಗೊಣಗಜ್ಜಿ ಮೂರು ಡಬ್ಬಿ ಎಳೆದುಕೊಂಡು ಸಿಗ್ನಲ್ಲಿನವರೆಗೆ ಹೋಗಿ ಬರುತ್ತಾಳೆ, ಆಮೇಲೆ ಎಣ್ಣೆಯನ್ನೆಲ್ಲ ಬಸಿದು ವಸ್ತುಸಂಗ್ರಹಾಲಯದ ಅಂಗಳಕ್ಕೆ ಸಾಗಿಸುತ್ತಾರೆ.

ಶನಿವಾರವಿಡೀ ಸೀನಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ರೆಕಾರ್ಡರಿಗೆ ಹೊಸ ಬ್ಯಾಟರಿ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಗಾಳಿ ತಾಗದ ಹಾಗೆ ಮೈಕಿಗೆ ತೊಡಿಸುವ ತುಪ್ಪಳದ ಟೋಪಿಯನ್ನು ತೊಳೆದು ಒಣಹಾಕಿದಳು. ಸೀನು ಬಾರದಿರಲೆಂದು ಮಾತ್ರೆ ತಂದಳು. ಕನ್ನಡಕದಂಗಡಿ ಇಟ್ಟಿದ್ದ ಗಂಡ ಹಗ್ಗದ ಮೇಲೆ ನೇತಾಡುತ್ತಿದ್ದ ಆ ತುಪ್ಪಳವನ್ನು ನೋಡಿ, ಇದು ಯಾವ ಪ್ರಾಣಿ ಎಂದು ಕೇಳಿ ಬೈಸಿಕೊಂಡ.

ಭಾನುವಾರ ಎಂಟು ಗಂಟೆಗೇ ಅವಳು ಅಮ್ಮನನ್ನು ಕರೆದುಕೊಂಡು ಶೆಡ್ಡಿಗೆ ಹೋದಳು. ಅಷ್ಟು ಬೇಗ ಯಾರೂ ಬಂದಿರಲಾರರು ಎಂಬ ಧೈರ್ಯದಲ್ಲಿ ಬಾಗಿಲು ದಾಟಿದವಳ ಮುಖ ಪೆಚ್ಚಾಯಿತು. ಶೆಡ್ಡಿನ ಮುಂದಿನ ಬಯಲಿನಲ್ಲಿ ನಿಂತಿದ್ದ ಇಂಜಿನ್ನಿನ ಪಕ್ಕೆಯ ಬಾಗಿಲುಗಳು ತೆರೆದಿದ್ದವು. ಒಳಗಿನ ಯಂತ್ರಕ್ಕೆ ನೇರ ಎದುರಾಗಿ, ಅದಕ್ಕಿಂತ ಒಳ್ಳೆಯ ಜಾಗ ಇಲ್ಲವೇ ಇಲ್ಲ ಎನ್ನುವಂಥ ಜಾಗದಲ್ಲಿ, ಬನ್ನಣ್ಣನ ಮೈಕು ಮೂರು ಕಾಲೂರಿ ನಿಂತಿತ್ತು. ಪಕ್ಕದಲ್ಲಿ ಬನ್ನಣ್ಣ ಎರಡು ಕಾಲೂರಿ ನಿಂತಿದ್ದ.

“ಯಾರೇ ಅವನು, ಕಂಬದ ಹಾಗೆ?” ಎಂದಳು ಅಮ್ಮ, ಶೆಡ್ಡಿಗೆಲ್ಲ ಕೇಳುವ ಹಾಗೆ.

“ಮೊದಲು ಬಂದೋನು,” ಎಂದು ಹಲ್ಲು ಕಡಿದು ಸೀನಮ್ಮ ಇಪ್ಪತ್ತು ಹೆಜ್ಜೆ ಆಚೆ, ಇಂಜಿನ್ನಿನ ಬಾಲದ ಬಳಿ ಹೋಗಿ ಅಮ್ಮನಿಗೆ ಮಡಚುಕುರ್ಚಿ ಹಾಕಿದಳು. ಕೊರಳಿಗೆ ರೆಕಾರ್ಡರು ನೇತುಹಾಕಿಕೊಂಡು, ಮೈಕನ್ನು ಕೋಲಿನ ತುದಿಗೆ ಸಿಕ್ಕಿಸಿ, ಹೆಡ್‌ಫೋನು ಏರಿಸಿಕೊಂಡಳು.

ಅಷ್ಟರಲ್ಲಿ ಸುತ್ತ ಜನ ಸೇರಿದರು. ಹತ್ತಕ್ಕೆ ಸರಿಯಾಗಿ ಮೇಸ್ತ್ರಿ ಇಂಜಿನ್ನು ಹತ್ತಿದ. ಸೀನಮ್ಮ ಗುಂಡಿ ಒತ್ತಿದಳು. ಒಂದು ಸಲ ಒತ್ತಿದರೆ ಅದು ಓಡುತ್ತದೆ, ಇನ್ನೊಂದು ಸಲ ಒತ್ತಿದರೆ ನಿಲ್ಲುತ್ತದೆ. ಕೆಂಪು ದೀಪವೊಂದಿದೆ, ಬಿಸಿಲಿನಲ್ಲಿ ಅದು ಉರಿದರೂ ಒಂದೇ, ಉರಿಯದಿದ್ದರೂ ಒಂದೇ.

ಹಾರ್ನು ಒಮ್ಮೆ ಬೊಬ್ಬಿಟ್ಟಿತು. ಡೀಸೆಲ್ ಏರಿಸುವ ಪಂಪು ಸಣ್ಣಗೆ ಕೀರಲಾರಂಭಿಸಿತು. ಸೀನಮ್ಮನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಅದೂ ಮೈಕಿಗೆ ಬಿದ್ದೀತೆಂದು ಅವಳಿಗೆ ದಿಗಿಲು. ಒಳಗೆ ಯಂತ್ರ ಭಾರವಾಗಿ ಒಂದು ಸುತ್ತು ತಿರುಗಿತು. ಇನ್ನೊಂದು. ಮತ್ತೊಂದು. ಕೊಳವೆಯಿಂದ ಒಂದಿಷ್ಟು ಬಿಳಿ ಹೊಗೆ ಬಂತು. ತಿರುಗುವುದು ನಿಧಾನವಾಗುತ್ತ ಆಗುತ್ತ, ಒಂದು ನಿಟ್ಟುಸಿರು ಬಿಟ್ಟು ನಿಂತೇಹೋಯಿತು.

ಮೇಸ್ತ್ರಿ ಬಾಗಿಲಿನಿಂದ ತಲೆ ಹಾಕಿದ. ಮುಖ ಬಾಡಿತ್ತು. “ಬ್ಯಾಟರಿ ಇಳೀತಾ ಇದೆ. ಇನ್ನೊಂದು ಸಲಕ್ಕೆ ಆಗೋಷ್ಟು ಇದೆಯೋ ಏನೋ. ಅದೂ ಹೋದ್ರೆ ಬೇರೆ ಇಂಜಿನ್ನು ತಂದು ಹೀಗೇ ಎಳ್ಕೊಂಡು ಹೋಗೋದು.”

ಆಗ ಸೀನಮ್ಮನ ಹಿಂದಿನಿಂದ ಕುರ್ಚಿ ಕರ್ ಎಂದಿತು.

“ಏಳು ಅಂದ ತಕ್ಷಣ ಏಳೋಕೆ ಅವಳೇನು ನಿನ್ನ ಆಳೇನೋ?” ಅಮ್ಮ ಎದ್ದು ನಿಂತಿದ್ದಳು. “ಡೀಸೆಲ್ ಬಿಡೋ ಹಿಡೀನ ಕೈಯಲ್ಲಿ ಎತ್ತಿಕೊಟ್ಯಾ? ತಣ್ಣಗಿರೋಳಿಗೆ ಕೈಯಿಂದ ಎತ್ತಿ ಕುಡಿಸಬೇಕು ಅಂತ ಎಷ್ಟು ಸಲ ಹೇಳಿದೀನಿ?”

“ಅಕ್ಕಾ, ಆ ಹಿಡಿ ಬಿಗಿಯಾಗಿದೆ.”

“ಬಿಗಿಯಾಗಿರೋದು ನಿನ್ನ ಬುದ್ಧಿ. ನನ್ನನ್ನ ಹತ್ತಿಸು.”

ಎಪ್ಪತ್ತನಾಲ್ಕು ವರ್ಷದ ಮಂಡಿನೋವಿನ ಹೆಂಗಸನ್ನು ಇಂಜಿನ್ನಿನ ಏಣಿ ಹತ್ತಿಸುವುದೆಂದರೆ ಹುಡುಗಾಟವಲ್ಲ. ಮೇಲಿನಿಂದ ಮೇಸ್ತ್ರಿ ಕೈ ಹಿಡಿದ. ಸೀನಮ್ಮ ಮೈಕಿನ ಕೋಲನ್ನು ಬಿಸಾಡಿ ಕೆಳಗಿನಿಂದ ಹೆಗಲು ಕೊಟ್ಟಳು. ಅಮ್ಮ ಪ್ರತಿ ಮೆಟ್ಟಿಲಿಗೂ ಇಬ್ಬರನ್ನೂ ಬೈಯುತ್ತ ಹತ್ತಿದಳು. ಮೇಲೆ ಹತ್ತಿ, ಓಡಾಡುವ ಹಲಗೆಯ ಮೇಲೆ ಗಟ್ಟಿಯಾಗಿ ಕಾಲೂರಿ ನಿಂತು, ತೆರೆದ ಬಾಗಿಲಿನೊಳಗೆ ಇಣುಕಿ ಮೂಸಿದಳು. ಮುಖದಲ್ಲಿ ಹತ್ತು ವರ್ಷ ಇಳಿದಿತ್ತು.

“ಸ್ಪ್ಯಾನರು ಕೊಡು.”

ಸೀನಮ್ಮ ಮೈಕು ಹೆಕ್ಕಿಕೊಂಡು ತನ್ನ ಜಾಗಕ್ಕೆ ಓಡಲು ತಿರುಗಿದಳು. ಸಮಯವಿರಲಿಲ್ಲ. ಅವಳು ನಿಂತದ್ದು ಬನ್ನಣ್ಣನ ಜಾಗದಲ್ಲಿ, ಅವನ ಮೈಕಿಗೆ ಮೊಣಕೈ ತಾಗುವಷ್ಟು ಹತ್ತಿರದಲ್ಲಿ. ನಿಯಮದ ಪ್ರಕಾರ ಅವಳು ಅಲ್ಲಿ ನಿಲ್ಲುವ ಹಾಗಿಲ್ಲ. ಬನ್ನಣ್ಣ ಅವಳನ್ನು ನೋಡಲಿಲ್ಲ. ಸುಮ್ಮನೆ ತನ್ನ ಮೈಕಿನ ಮೂರು ಕಾಲನ್ನೂ ಎತ್ತಿ ಒಂದು ಅಡಿ ಪಕ್ಕಕ್ಕಿಟ್ಟ.

ಅಮ್ಮ ಸ್ಪ್ಯಾನರು ಎತ್ತಿದಳು. ಸೀನಮ್ಮ ಗುಂಡಿ ಒತ್ತಿದಳು.

ಠಣ್. ಠಣ್. ಠಣ್. ಅಡಿಯಲ್ಲಿ ಯಾರಾದರೂ ಕೆಲಸ ಮಾಡುತ್ತಿದ್ದರೆ ಆಚೆ ಬನ್ನಿ ಎನ್ನುವ ಹಳೆಯ ಬಡಿತ. ಅದರ ಬದಲು ಹಾರ್ನು ಹೊಡೆಯುವ ರೂಢಿ ಬಂದ ಮೇಲೆ ಹೀಗೆ ಬಡಿಯುವವರು ಯಾರೂ ಇಲ್ಲ. ಸೀನಮ್ಮ ಮೈಕನ್ನು ಇನ್ನೊಂದಿಷ್ಟು ಮುಂದೆ ಚಾಚಿದಳು. ಪಂಪು ಕೀರಲು ದನಿ ತೆಗೆಯಿತು. ಅಮ್ಮ ಎರಡೂ ಕೈಯಲ್ಲಿ ಹಿಡಿಯನ್ನು ಹಿಡಿದು, “ಹ್ಞೂಂ, ಒತ್ತೋ” ಎಂದಳು. ಮೇಸ್ತ್ರಿ ಒತ್ತಿದ.

ಒಂದು ಸುತ್ತು. ಎರಡು. ಮೂರನೆಯದಕ್ಕೆ ತಿರುಗುವುದು ನಿಧಾನವಾಯಿತು. ಬ್ಯಾಟರಿ ಹೋಯಿತು ಎಂದುಕೊಂಡರು ಎಲ್ಲರೂ. ಅಮ್ಮ ಹಿಡಿಯನ್ನು ಒಂದಿಷ್ಟು ಇಳಿಸಿ, ಮತ್ತೆ ಮೆಲ್ಲಗೆ ಎತ್ತಿದಳು. ಒಳಗೆಲ್ಲೋ ಒಂದು ಸಿಲಿಂಡರು ಕೆಮ್ಮಿತು. ಸುಮ್ಮನಾಯಿತು. ಎರಡು ಕೆಮ್ಮಿದವು. ಇಡೀ ಇಂಜಿನ್ನು ಮೈ ಕೊಡವಿತು, ಕ್ಯಾಕರಿಸಿತು, ಒಂದರ ಹಿಂದೊಂದು ಎಲ್ಲ ಸಿಲಿಂಡರುಗಳೂ ಎಚ್ಚರಗೊಂಡು, ನೆಲ ನಡುಗಿ, ಶೆಡ್ಡಿನ ತಗಡು ನಡುಗಿ, ಗೊಣಗಜ್ಜಿ ಗೊಣಗಲು ಶುರುಮಾಡಿದಳು.

“ಎದ್ಲೂ!”

ಕೂಗಿದ್ದು ತಾನೇ ಎಂದು ಸೀನಮ್ಮನಿಗೆ ತಿಳಿದದ್ದು ಕೂಗಿ ಮುಗಿದ ಮೇಲೆ. ಹೆಡ್‌ಫೋನಿನಲ್ಲಿ ಅವಳ ಕೂಗು ಅವಳ ಕಿವಿಗೇ ಅಪ್ಪಳಿಸಿತ್ತು. ಅವಳು ಬಾಯಿ ಮುಚ್ಚಿಕೊಂಡಳು. ಪಕ್ಕದಲ್ಲಿ ಬನ್ನಣ್ಣ ನಿಧಾನವಾಗಿ ತಲೆ ತಿರುಗಿಸಿ ಅವಳನ್ನು ನೋಡಿದ. ಹನ್ನೊಂದು ವರ್ಷದ ಹಿಂದೆ ಸೇತುವೆಯ ಕೆಳಗೆ ನೋಡಿದ ಅದೇ ನೋಟ.

ಜನ ಚಪ್ಪಾಳೆ ತಟ್ಟುತ್ತಿದ್ದರು. ಅವಳು ಗುಂಡಿ ಒತ್ತಿ ರೆಕಾರ್ಡರು ನಿಲ್ಲಿಸಿ, ನಾಚಿಕೆಯಿಂದ ಇಂಜಿನ್ನಿನ ಈಚೆ ಬದಿಯ ಗೋಡೆ ಪಕ್ಕಕ್ಕೆ ಸರಿದಳು. ಬನ್ನಣ್ಣ ತನ್ನ ಸಾಮಾನು ಎತ್ತಿಕೊಂಡು, ಹಳಿ ದಾಟಿ, ಆಚೆ ಬದಿಯ ನೀರಿನ ಟ್ಯಾಂಕಿನ ನೆರಳಿಗೆ ನಡೆದ. ಹಿಡಿದದ್ದನ್ನು ಒಬ್ಬರೇ ಕೂತು ಕೇಳುವುದು ಈ ಜನರ ರೂಢಿ.

ಕೂಗು ಬಿದ್ದರೆ ಬೀಳಲಿ, ಸದ್ದಂತೂ ಸಿಕ್ಕಿತಲ್ಲ ಎಂದು ಸೀನಮ್ಮ ಸಮಾಧಾನ ಮಾಡಿಕೊಂಡಳು. ಕೊರಳಿನ ರೆಕಾರ್ಡರಿಗೆ ಕೈ ಮರೆಮಾಡಿ ನೋಡಿದಳು. ನಿಲ್ಲಿಸಿದ್ದ ಯಂತ್ರದಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು.

ಅವಳಿಗೆ ಅರ್ಥವಾಗಲು ಇನ್ನೂ ಮೂರು ಸೆಕೆಂಡು ಹಿಡಿಯಿತು. ಮೊದಲ ಸಲ ಇಂಜಿನ್ನು ಏಳದೆ ನಿಂತಾಗ ಅವಳು ನಿಲ್ಲಿಸಿರಲಿಲ್ಲ. ಅಮ್ಮನನ್ನು ಹತ್ತಿಸುವ ಗಡಿಬಿಡಿಯಲ್ಲಿ ಅದು ಓಡುತ್ತಲೇ ಇತ್ತು. ಆಮೇಲೆ ಶುರುಮಾಡುತ್ತೇನೆಂದು ಒತ್ತಿದಾಗ ನಿಂತಿತು. ಈಗ ನಿಲ್ಲಿಸುತ್ತೇನೆಂದು ಒತ್ತಿದಾಗ ಶುರುವಾಯಿತು. ಹೆಡ್‌ಫೋನಿನಲ್ಲಿ ಸದ್ದು ಹೇಗೂ ಕೇಳಿಸುತ್ತಿರುತ್ತದೆ, ಓಡಲಿ ಬಿಡಲಿ. ಅಮ್ಮ ಬೈದದ್ದೆಲ್ಲ ಅದರೊಳಗಿದೆ, ಅಮ್ಮ ಎಬ್ಬಿಸಿದ್ದು ಇಲ್ಲ.

ಸೀನಮ್ಮ ಗೋಡೆಗೆ ಒರಗಿದಳು. ಅಳು ಬಂತು. ಅಳು ಅರ್ಧಕ್ಕೆ ನಿಂತಿತು, ಏಕೆಂದರೆ ಇನ್ನೊಂದು ವಿಷಯ ಹೊಳೆಯಿತು. ಆ ಸದ್ದು ಈ ಲೋಕದಲ್ಲಿ ಇನ್ನೊಂದು ಕಡೆ ಇದೆ. ಬನ್ನಣ್ಣನ ರೆಕಾರ್ಡರಿನಲ್ಲಿದೆ. ಅದರ ಮೇಲೆ ಅವಳ ಕೂಗಿನ ಕಲೆ ಬಿದ್ದಿದೆ. ಕಲೆ ಬಿದ್ದದ್ದನ್ನು ಬನ್ನಣ್ಣ ಏನು ಮಾಡುತ್ತಾನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ತಲೆ ಎತ್ತಿ ನೋಡಿದಳು. ಹಳಿಗಳ ಆಚೆ, ಟ್ಯಾಂಕಿನ ಕೆಳಗೆ, ಬನ್ನಣ್ಣ ದೊಡ್ಡ ಹೆಡ್‌ಫೋನು ಹಾಕಿಕೊಂಡು ತಲೆ ತಗ್ಗಿಸಿ ಕೂತಿದ್ದ. ಹೆಬ್ಬೆರಳು ಗುಂಡಿಯ ಮೇಲಿತ್ತು.

“ಬನ್ನಣ್ಣಾ! ಅಳಿಸ್ಬೇಡಿ!”

ಅವನಿಗೆ ಕೇಳಿಸಲಿಲ್ಲ. ಸೀನಮ್ಮ ಓಡಿದಳು. ಹಳಿಯ ಬಳಿ ಬರುವುದಕ್ಕೂ ಗೊಣಗಜ್ಜಿ ಹೊರಡುವುದಕ್ಕೂ ಸರಿಹೋಯಿತು. ಮುಂದಿನ ಕಿಟಕಿಯಲ್ಲಿ ಮೇಸ್ತ್ರಿಯ ಪಕ್ಕದಲ್ಲಿ ಅಮ್ಮ ಮಹಾರಾಣಿಯಂತೆ ಕೂತು ಕೈ ಬೀಸುತ್ತಿದ್ದಳು. ಹಿಂದೆ ಮೂರು ಡಬ್ಬಿ. ವೇಗವೋ, ಅದನ್ನು ವೇಗ ಎನ್ನಬೇಕಾದರೆ ಮನಸ್ಸು ದೊಡ್ಡದಿರಬೇಕು. ಪಕ್ಕದಲ್ಲಿ ನಡೆಯುತ್ತಿದ್ದವರು ಹಿಂತಿರುಗಿ ನೋಡಿ ಕಾಯುತ್ತಿದ್ದರು. ಸೀನಮ್ಮ ಒಂಟಿಕಾಲಿನಲ್ಲಿ ಕುಣಿದಳು. ಡಬ್ಬಿಗಳ ಸಂದಿಯಲ್ಲಿ ಬನ್ನಣ್ಣ ಕಂಡ, ಮರೆಯಾದ, ಕಂಡ. ಬೆರಳು ಅಲ್ಲೇ ಇತ್ತು. ಈ ಇಂಜಿನ್ನಿನ ಸದ್ದಿಗಾಗಿ ಮೈಲಿಗಟ್ಟಲೆ ನಡೆದವಳು, ಅದರ ಕಟ್ಟಕಡೆಯ ಓಟದಲ್ಲಿ, ಅದರ ಹಳಿಯಿಂದ ಎರಡು ಮಾರು ದೂರದಲ್ಲಿ ನಿಂತು ಕೂಗಿದಳು: “ತೊಲಗೇ ಬೇಗ, ಗೊಣಗಜ್ಜಿ!”

ಅಮ್ಮ ಅದನ್ನು ಹಾರೈಕೆ ಎಂದುಕೊಂಡು ಇನ್ನೂ ಜೋರಾಗಿ ಕೈ ಬೀಸಿದಳು.

ಕೊನೆಯ ಡಬ್ಬಿ ಮುಂದೆ ಹೋದದ್ದೇ ಸೀನಮ್ಮ ಹಳಿ ದಾಟಿ, ಜಲ್ಲಿಯ ಮೇಲೆ ಒಂದು ಸಲ ಮುಗ್ಗರಿಸಿ, ಎದ್ದು, ಟ್ಯಾಂಕಿನ ಬಳಿ ಹೋಗಿ ಬನ್ನಣ್ಣನ ಕೈಯನ್ನು ರೆಕಾರ್ಡರಿನ ಸಮೇತ ಹಿಡಿದುಕೊಂಡಳು.

“ಅಳಿಸಿಬಿಟ್ರಾ?”

ಹನ್ನೊಂದು ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ಬನ್ನಣ್ಣ ಹೆಡ್‌ಫೋನು ಕೆಳಗಿಳಿಸಿದ. ಅವನ ಕಣ್ಣು ಕೆಂಪಾಗಿತ್ತು, ಮೂಗೂ.

“ಏನನ್ನ?”

“ಈಗಿಂದು! ನಾನು ಕೂಗಿದ್ನಲ್ಲ, ಹಾಳಾಗಿದೆಯಲ್ಲ! ನಂದು ನಿಂತುಹೋಗಿತ್ತು ಬನ್ನಣ್ಣ, ಉಲ್ಟಾ ಒತ್ತಿಬಿಟ್ಟೆ. ನಿಮ್ಮ ಹತ್ರ ಬಿಟ್ರೆ ಎಲ್ಲೂ ಇಲ್ಲ. ನಿಮ್ಮ ಕಾಲು ಬೇಕಾದ್ರೂ ಹಿಡೀತೀನಿ.”

“ಕಾಲು ಬಿಡಿ, ಮೊದಲು ಕೈ ಬಿಡಿ. ನೋಯ್ತಿದೆ.” ಅವನು ಬೆರಳು ಕೊಡವಿಕೊಂಡ. “ಯಾರು ಅಳಿಸ್ತಾರೆ ಇದನ್ನ? ನಾಲ್ಕನೇ ಸಲ ಕೇಳ್ತಾ ಇದೀನಿ.”

ಸೀನಮ್ಮ ಜಲ್ಲಿಯ ಮೇಲೇ ಕುಕ್ಕರಿಸಿದಳು.

“ನೀವು ಕಲೆ ಬಿದ್ದದ್ದನ್ನೆಲ್ಲ ಅಳಿಸೋರು,” ಎಂದಳು. “ಸೇತುವೆ ಕೆಳಗಿಂದು ಅಳಿಸಿದ್ರಲ್ಲ.”

ಬನ್ನಣ್ಣ ತನ್ನ ಚಪ್ಪಲಿಯನ್ನು ನೋಡಿಕೊಂಡ. ಆರಡಿ ಆಳು ನಾಲ್ಕಡಿಯಾದ. “ಅಳಿಸಲಿಲ್ಲ.”

“ಎಲ್ಲರ ಮುಂದೆ ಒತ್ತಿದ್ರಿ!”

“ಅದು ದೀಪದ ಗುಂಡಿ. ಸಿಟ್ಟು ಬಂದಿತ್ತು, ತೋರಿಸ್ಕೊಂಡೆ. ಮನೆಗೆ ಹೋಗಿ ಕೇಳಿದ್ರೆ ಹನ್ನೆರಡು ನಿಮಿಷ ಬಂಗಾರದಂಥ ಸದ್ದು, ಆಮೇಲೆ ನಿಮ್ಮ ಸೀನು. ಮಾರನೇ ದಿನ ಬೇಕರೀಲಿ ಬನ್ನು ಒಲೆಗಿಟ್ಟು ಸುಮ್ನೆ ಆ ರೆಕಾರ್ಡು ಹಾಕ್ಕೊಂಡೆ. ಸೀನು ಬಂತು. ಬೆಚ್ಚಿಬಿದ್ದು ಒಲೆ ಬಾಗಿಲು ತೆಗೆದೆ. ಬನ್ನು ಹದವಾಗಿ ಬೆಂದಿತ್ತು, ಒಂದು ಕ್ಷಣ ಹೆಚ್ಚಿಲ್ಲ ಕಮ್ಮಿ ಇಲ್ಲ. ಅವತ್ತಿಂದ ಇವತ್ತಿನ ತನಕ ದಿನಾ ಅದೇ ಹಾಕ್ಕೊಂಡು ಬೇಯಿಸ್ತೀನಿ. ಗಾಡಿ ಬಂದಾಗ ಒಲೆಗೆ, ನೀವು ಸೀನಿದಾಗ ಹೊರಗೆ.”

ಹನ್ನೊಂದು ವರ್ಷ ಬೈದುಕೊಂಡು ತಿಂದ ಬನ್ನುಗಳೆಲ್ಲ ಸೀನಮ್ಮನ ಕಣ್ಣ ಮುಂದೆ ಸಾಲಾಗಿ ಬಂದವು.

“ಹೇಳಬಾರದಿತ್ತಾ ಮಹಾನುಭಾವಾ?”

“ಮಾತು ಬಿಟ್ಟೋನು ನಾನು. ಮತ್ತೆ ಹೇಗೆ ಶುರುಮಾಡೋದು ಅಂತ ಗೊತ್ತಾಗಲಿಲ್ಲ,” ಎಂದ ಬನ್ನಣ್ಣ. ಆಮೇಲೆ ಹೆಡ್‌ಫೋನು ಅವಳತ್ತ ಚಾಚಿದ. “ಕೇಳಿ ಮೊದಲು. ಇದರಲ್ಲಿ ಒಂದು ತಮಾಷೆ ಇದೆ. ನೀವೊಬ್ಬರೇ ಕೂಗಿಲ್ಲ.”

ಸೀನಮ್ಮ ಕಣ್ಣು ಮುಚ್ಚಿ ಕೇಳಿದಳು. ಮೂರು ಬಡಿತ, ಕೀರಲು, ಒಂದು ಸುತ್ತು, ಎರಡು ಸುತ್ತು, ಕೆಮ್ಮು. ಹಾಸಿಗೆಯ ಪಕ್ಕ ಇನ್ನೂ ಬೆಚ್ಚಗಿತ್ತು. ಆಮೇಲೆ ಆ ಕೂಗು. ಒಂದಲ್ಲ, ಎರಡು. ಒಂದೇ ಕ್ಷಣದಲ್ಲಿ, ಒಂದೇ ಮಾತು, ಒಂದರ ಮೇಲೊಂದು ಬಿದ್ದು ಬೇರೆ ಮಾಡಲಾರದಂತೆ ಅಂಟಿಕೊಂಡಿದ್ದವು. ಅವಳು ಏಳು ಸಲ ಕೇಳಿದಳು. ತನ್ನ ದನಿ ಯಾವುದು, ಇನ್ನೊಂದು ಯಾವುದು ಎಂದು ಅವಳಿಗೇ ಹೇಳಲಾಗಲಿಲ್ಲ.

ಅಷ್ಟರಲ್ಲಿ ಗೊಣಗಜ್ಜಿ ಸಿಗ್ನಲ್ಲಿನವರೆಗೆ ಹೋಗಿ ಹಿಂದಕ್ಕೆ ಬಂದಳು. ಮೇಸ್ತ್ರಿ ಅಮ್ಮನನ್ನು ಕೈಹಿಡಿದು ಇಳಿಸಿಕೊಂಡು ಬಂದ. ಸೀನಮ್ಮ ಏನೂ ಹೇಳದೆ ಹೆಡ್‌ಫೋನನ್ನು ಅಮ್ಮನ ತಲೆಗೆ ತೊಡಿಸಿದಳು. ಅಮ್ಮ ಹುಬ್ಬು ಗಂಟಿಕ್ಕಿ ಕೇಳಿದಳು. ಮೂಗು ಮುರಿಯುವ ಹೊತ್ತು ಬಂತು. ಮುರಿಯಲಿಲ್ಲ.

“ಇದು ಕಣೆ,” ಎಂದಳು. “ಇದೇ ಇಷ್ಟು ದಿನ ಇಲ್ಲದ್ದು.”

“ಯಾವುದಮ್ಮ? ಕೆಮ್ಮಿದ್ದಾ?”

“ಕೂಗಿದ್ದು.”

ಮೇಸ್ತ್ರಿ ನಕ್ಕುಬಿಟ್ಟ. “ಅಕ್ಕ ಆಗ್ಲೂ ದಿನಾ ಹೀಗೇ ಕೂಗ್ತಿದ್ರು. ಎದ್ಲೂ ಅಂತ, ಶ್ವಾಸ ಕಟ್ಟಿ. ನಾವೆಲ್ಲ ನಗ್ತಿದ್ವಿ. ಇಂಜಿನ್ನು ಎದ್ದಿದ್ದು ಎಲ್ಲರಿಗೂ ಗೊತ್ತಾಗುತ್ತಲ್ಲ, ಕೂಗಿ ಹೇಳೋದ್ಯಾಕೆ ಅಂತ.”

“ನಿಂಗ್ಯಾರೋ ಹೇಳಿದ್ದು ಇಂಜಿನ್ನು ಅಂತ?” ಅಮ್ಮ ಹೆಡ್‌ಫೋನು ತೆಗೆಯುತ್ತ ಅವನನ್ನು ಗದರಿದಳು. “ಹಳಿ ಆಚೆ ಮನೇಲಿ ಇವಳು ಮಲಗಿರ್ತಿದ್ಲು. ಒಬ್ಬಳನ್ನೇ ಬಿಟ್ಟು ಬಂದಿರ್ತಿದ್ದೆ. ಗೊಣಗಜ್ಜಿ ಗುಟುರು ಹಾಕಿದ್ರೆ ಇವಳಿಗೆ ಎಚ್ಚರ ಆಗೇ ಆಗುತ್ತೆ ಅಂತ ಗೊತ್ತಿತ್ತು. ಅದಕ್ಕೇ ಅವಳನ್ನ ದಿನಾ ಒಂದೇ ಹೊತ್ತಿಗೆ ಎಬ್ಬಿಸ್ತಿದ್ದೆ, ಒಂದು ನಿಮಿಷ ಆಚೀಚೆ ಮಾಡ್ತಿರಲಿಲ್ಲ. ಎದ್ಲು ಅಂತ ಕೂಗ್ತಿದ್ದದ್ದು ಇವಳು ಎದ್ದಿದ್ದಕ್ಕೆ.”

ಸೀನಮ್ಮ ಅಮ್ಮನ ಮುಖ ನೋಡುತ್ತ ನಿಂತಳು. ನಲವತ್ತು ವರ್ಷ ಅವಳು ಈ ಲೆಕ್ಕವನ್ನು ತಲೆಕೆಳಗಾಗಿ ಹಿಡಿದಿದ್ದಳು. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು.

ಬನ್ನಣ್ಣ ಥಟ್ಟನೆ ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಅವಳ ಕೊರಳಿನತ್ತ ತೋರಿಸಿದ. ಟ್ಯಾಂಕಿನ ನೆರಳಿನಲ್ಲಿ ಈಗ ಕೆಂಪು ದೀಪ ಚೆನ್ನಾಗಿ ಕಾಣುತ್ತಿತ್ತು. ಅವಳು ನಿಲ್ಲಿಸಿದ್ದೇನೆಂದುಕೊಂಡ ರೆಕಾರ್ಡರು ಆಗಿನಿಂದ ಓಡುತ್ತಲೇ ಇತ್ತು. ಅವಳ ಅಳು, ಓಟ, ತೊಲಗೇ ಎಂದದ್ದು, ಬನ್ನು, ಸೀನು, ಅಮ್ಮ ಈಗ ಹೇಳಿದ ಪ್ರತಿಯೊಂದು ಮಾತು, ಎಲ್ಲವೂ ಅದರೊಳಗೆ ಸೇರಿತ್ತು. ಮೇಸ್ತ್ರಿಯೂ ಅದನ್ನು ಕಂಡು ಉಸಿರು ಬಿಗಿಹಿಡಿದ. ಮೂವರೂ ಮಿಸುಕಾಡದೆ ನಿಂತರು. ಹಿಂದೆ ಗೊಣಗಜ್ಜಿ ಮಾತ್ರ ಗೊಣಗುತ್ತಿದ್ದಳು.

ಅಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು.

“ಏನಾಯ್ತು ನಿಮಗೆಲ್ಲ? ರೆಕಾರ್ಡಾಗ್ತಿದೆಯಾ? ಅಯ್ಯೋ, ಮೊದಲೇ ಹೇಳಬಾರದಾ! ಸುಮ್ನಿರಬೇಕಾ ನಾನು?”

“ಬೇಡ,” ಎಂದಳು ಸೀನಮ್ಮ. “ನೀನು ಮಾತಾಡಮ್ಮ.”